ಹೀಮೊಡಯಾಲಿಸಿಸ್ ಮತ್ತು ತೃಷೆ

ಮೂತ್ರಪಿಂಡಗಳು ಸಂಪೂರ್ಣವಾಗಿ ಅಥವಾ ಬಹುಮಟ್ಟಿಗೆ ನಿಷ್ಕ್ರಿಯವಾದ ಮೇಲೆ, ರಕ್ತವನ್ನು ದೇಹದಿಂದ ಹೊರಕ್ಕೆ ಹರಿಯಿಸಿ, ಯಂತ್ರದ ನೆರವಿನಿಂದ ಅದರಲ್ಲಿನ ಕಶ್ಮಲಗಳನ್ನೂ ಮಿಗಿಲಾದ ಜಲಾಂಶವನ್ನೂ ಕಳೆದು, ಮರಳಿ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ ಹೀಮೊಡಯಾಲಿಸಿಸ್ ಎಂದು ಹೆಸರು; ರೂಢಿಯಲ್ಲಿ ಡಯಾಲಿಸಿಸ್ ಎಂದಷ್ಟೇ ಹೇಳುತ್ತಾರೆ. ಈ ಚಿಕಿತ್ಸೆಯನ್ನು ಅವಲಂಬಿಸಿ ಬದುಕುವವರನ್ನು ಹಗಲಿರುಳು ಕಾಡುವ ಬಾಯಾರಿಕೆ, ಅವರು ಸೇವಿಸಬಹುದಾದ ದ್ರವದ ಪರಿಮಿತಿ, ಆ ಪರಿಮಿತಿಯನ್ನು ಮೀರಿದರೆ ಒದಗುವ ಅಪಾಯ, ಮೀರದೆ ಬಾಳುವ ಉಪಾಯ, ಇವಿಷ್ಟೂ ಪ್ರಸ್ತುತ ಲೇಖನದ ವಿಷಯ. ಕನ್ನಡದಲ್ಲಿ ಈ ಅನುಭವಕ್ಕೆ ಎರಡು ದೇಶ್ಯ ಪದಗಳುಂಟು: ದಕ್ಷಿಣದವರು ಬಾಯಾರಿಕೆ ಎನ್ನುತ್ತಾರೆ, ಉತ್ತರ ಕರ್ನಾಟಕದವರು ನೀರಡಿಕೆ ಎನ್ನುತ್ತಾರೆ. ಮೊದಲನೆಯದು ಬಾಯಿ ಒಣಗುವುದನ್ನು ಮುಂದಿಡುತ್ತದೆ, ಎರಡನೆಯದು ನೀರಿನ ಬಯಕೆಯನ್ನೇ ಹೆಸರಿಸುತ್ತದೆ. ವ್ಯವಹಾರದಲ್ಲಿ ಎರಡರ ಅರ್ಥವೂ ಒಂದೇ ಆದರೂ, ಡಯಾಲಿಸಿಸ್‌ನಲ್ಲಿರುವವರ ಮಟ್ಟಿಗೆ ಬಾಯಿಯ ಶುಷ್ಕತೆ ಬೇರೆ, ರಕ್ತದ ಸಾಂದ್ರತೆಯಿಂದ ಹುಟ್ಟುವ ದಾಹ ಬೇರೆ ಎಂಬುದನ್ನು ಮುಂದೆ ಕಾಣಬಹುದು.

ಆರೋಗ್ಯವಂತನ ಮೂತ್ರಪಿಂಡ ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿದ್ದು, ಅವುಗಳ ಮೂಲಕ ದಿನವೊಂದಕ್ಕೆ ಹೆಚ್ಚುಕಡಿಮೆ 180 ಲೀಟರು ದ್ರವ ಸೋಸಿಬರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಪುನಃ ರಕ್ತವನ್ನು ಸೇರಿ, ಒಂದೂವರೆ ಲೀಟರಿನ ಆಸುಪಾಸಿನಷ್ಟು ಮಾತ್ರ ಮೂತ್ರವಾಗಿ ವಿಸರ್ಜಿತವಾಗುತ್ತದೆ. ಒಂದು ದಿನ ಕಬ್ಬಿನ ಹಾಲನ್ನೋ ಮಜ್ಜಿಗೆಯನ್ನೋ ಯಥೇಚ್ಛ ಕುಡಿದರೂ, ಮರುದಿನ ಉಪವಾಸವಿದ್ದು ಒಂದು ಗುಟುಕು ನೀರನ್ನೂ ಮುಟ್ಟದಿದ್ದರೂ, ರಕ್ತದ ಸಾಂದ್ರತೆ ಕದಲದೆ ನಿಲ್ಲುವುದು ಈ ಅವಯವಗಳ ನಿರಂತರ ಎಚ್ಚರದಿಂದ. ವಾರದ 168 ಗಂಟೆಗಳಲ್ಲಿ ಅವಕ್ಕೆ ವಿಶ್ರಾಂತಿಯ ಗಂಟೆ ಒಂದೂ ಇಲ್ಲ. ಡಯಾಲಿಸಿಸ್ ಯಂತ್ರವಾದರೋ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆಯಂತೆ 12 ಗಂಟೆ ಮಾತ್ರ ದುಡಿಯುತ್ತದೆ. ವೆಚ್ಚದಿಂದಲೋ ದೂರದಿಂದಲೋ ವಾರಕ್ಕೆ ಎರಡೇ ಸಲ ಬರುವವರು ನಮ್ಮ ದೇಶದಲ್ಲಿ ಬಹುಮಂದಿ, ಅವರ ಪಾಲಿಗೆ ದೊರೆಯುವುದು 8 ಗಂಟೆ. ಮೂತ್ರ ಪೂರ್ಣವಾಗಿ ನಿಂತವರಲ್ಲಿ, ಉಳಿದ ಅಷ್ಟೂ ಹೊತ್ತು ಒಳಗೆ ಹೋದ ನೀರಿಗೆ ಉಸಿರು, ಬೆವರು, ಮಲ ಇವುಗಳ ಹೊರತು ಬೇರೆ ನಿರ್ಗಮನ ಮಾರ್ಗವಿಲ್ಲ.

ಚರ್ಮ ಮತ್ತು ಶ್ವಾಸಗಳ ಮೂಲಕ ನಮಗೆ ತಿಳಿಯದಂತೆ ದಿನಕ್ಕೆ 700ರಿಂದ 900 ಮಿಲಿಲೀಟರಿನಷ್ಟು ನೀರು ಆವಿಯಾಗಿ ಹೋಗುತ್ತದೆ. ಗಟ್ಟಿ ಆಹಾರದಲ್ಲಿ ಅಡಗಿರುವ ನೀರು, ಆಹಾರವು ಒಳಗೆ ದಹಿಸಿದಾಗ ಉತ್ಪನ್ನವಾಗುವ ನೀರು, ಇವೆರಡೂ ಸೇರಿ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ. ಆದುದರಿಂದಲೇ ಹಿಂದಿನ ದಿನದ ಮೂತ್ರದ ಪರಿಮಾಣಕ್ಕೆ 500ರಿಂದ 750 ಮಿಲಿಲೀಟರು ಸೇರಿಸಿ, ಅಷ್ಟನ್ನು ದಿನದ ದ್ರವಸೇವನೆಯ ಮಿತಿಯೆಂದು ವೈದ್ಯರು ಸಾಮಾನ್ಯವಾಗಿ ಗೊತ್ತುಮಾಡುತ್ತಾರೆ. ಮೂತ್ರವೇ ಇಲ್ಲದವರ ಪಾಲಿಗೆ ಇದು ಎರಡು ಮೂರು ಸಾಧಾರಣ ಲೋಟಗಳಷ್ಟು ಮಾತ್ರ. ಬೆಳಗಿನ ಕಾಫಿ, ಮಧ್ಯಾಹ್ನದ ಸಾರು, ರಾತ್ರಿಯ ಹಾಲು, ಗುಳಿಗೆ ನುಂಗುವ ನೀರು, ಎಲ್ಲವೂ ಅದರೊಳಗೇ ಅಡಕವಾಗಬೇಕು.

ಡಯಾಲಿಸಿಸ್‌ನ ಚರಿತ್ರೆಯನ್ನು ವಿಷಹರಣದ ಚರಿತ್ರೆಯೆಂದು ಹೇಳುವುದು ವಾಡಿಕೆ. ಅದು ಜಲಹರಣದ ಚರಿತ್ರೆಯೂ ಹೌದೆಂಬುದನ್ನು ಮರೆಯಬಾರದು. ಡಯಾಲಿಸಿಸ್ ಎಂಬ ಪದವನ್ನು ರಸಾಯನಶಾಸ್ತ್ರದಲ್ಲಿ ಬಳಕೆಗೆ ತಂದವನು ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ, 1861ರಲ್ಲಿ. ಜರ್ಮನಿಯ ಗೀಸೆನ್ ನಗರದಲ್ಲಿ ಗೇಯಾರ್ಗ್ ಹಾಸ್ 1924ರಲ್ಲಿ ಮೊತ್ತಮೊದಲು ಮನುಷ್ಯನ ಮೇಲೆ ಇದನ್ನು ಪ್ರಯೋಗಿಸಿದ. ಎರಡನೆಯ ಮಹಾಯುದ್ಧದ ನಡುವೆ, ಶತ್ರುಸೈನ್ಯ ಆಕ್ರಮಿಸಿದ್ದ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲೆಮ್ ಕಾಲ್ಫ್ ಎಂಬ ತರುಣ ವೈದ್ಯನು, ಮಾಂಸದ ಸಾಸೇಜು ತುಂಬಲು ಬಳಸುತ್ತಿದ್ದ ಸೆಲೊಫೇನ್ ಕೊಳವೆಯನ್ನು ತಿರುಗುವ ಪೀಪಾಯಿಯೊಂದಕ್ಕೆ ಸುತ್ತಿ 1943ರಲ್ಲಿ ಕೃತಕ ಮೂತ್ರಪಿಂಡವನ್ನು ಸಿದ್ಧಪಡಿಸಿದನು. ಹಲವು ಸೋಲುಗಳ ತರುವಾಯ, 1945ರಲ್ಲಿ, 67 ವರ್ಷ ವಯಸ್ಸಿನ ಮಹಿಳೆಯೊಬ್ಬಳು ಅದರಿಂದ ಬದುಕಿ ಉಳಿದಳು. ಯೂರಿಯಾ ತೆಗೆಯುವುದರಲ್ಲಿ ಸಮರ್ಥವಾಗಿದ್ದ ಆ ಯಂತ್ರ ನೀರನ್ನು ತೆಗೆಯುವುದರಲ್ಲಿ ದುರ್ಬಲವಾಗಿತ್ತು. ಸ್ವೀಡನ್ನಿನ ಲುಂಡ್ ನಗರದ ನಿಲ್ಸ್ ಆಲ್ವಾಲ್ ಸೆಲೊಫೇನನ್ನು ಮುಚ್ಚಿದ ಪಾತ್ರೆಯೊಳಗಿರಿಸಿ, ಒತ್ತಡದ ವ್ಯತ್ಯಾಸದಿಂದ ರಕ್ತದ ನೀರನ್ನು ಹೊರಸೆಳೆಯುವ ಕ್ರಮವನ್ನು 1946ರ ಸುಮಾರಿಗೆ ರೂಢಿಗೆ ತಂದನು. ಇಂದು ಡಯಾಲಿಸಿಸ್ ಕೊಠಡಿಯಲ್ಲಿ ‘ಈ ಹೊತ್ತು ಎಷ್ಟು ನೀರು ತೆಗೆಯಬೇಕು’ ಎಂದು ಕೇಳಿಬರುವ ಮಾತಿಗೆ ಮೂಲ ಆಲ್ವಾಲನ ಆ ಉಪಾಯವೇ. ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ಟೆಫ್ಲಾನ್ ನಳಿಕೆಯನ್ನು ತೋಳಿನಲ್ಲಿ ನೆಲೆಗೊಳಿಸಿ, ಒಬ್ಬನೇ ರೋಗಿಗೆ ವರ್ಷಗಟ್ಟಲೆ ಡಯಾಲಿಸಿಸ್ ಮಾಡಬಹುದೆಂದು ತೋರಿಸಿದನು; ರಕ್ತದ ಒತ್ತಡವನ್ನು ಹತೋಟಿಯಲ್ಲಿಡಲು ಮಿಗಿಲಾದ ನೀರನ್ನು ತೆಗೆಯುವುದರೊಡನೆ ಉಪ್ಪು ಕಡಿಮೆಯಿರುವ ಪಥ್ಯವೂ ಬೇಕೆಂದು ಅವನು ಆಗಲೇ ಕಂಡುಕೊಂಡಿದ್ದನು. ರಕ್ತನಾಳಗಳನ್ನೇ ಜೋಡಿಸಿ ರಚಿಸುವ ಫಿಸ್ಟುಲಾ 1966ರಲ್ಲಿ ನ್ಯೂಯಾರ್ಕಿನಿಂದ ಪ್ರಕಟವಾದ ಮೇಲೆ ಈ ಚಿಕಿತ್ಸೆ ಲೋಕವ್ಯಾಪಿಯಾಯಿತು.

ಬಾಯಾರಿಕೆ ಹುಟ್ಟುವ ಸ್ಥಳ ಬಾಯಿಯಲ್ಲ, ಮಿದುಳು. ಸ್ಟಾಕ್‌ಹೋಮಿನ ಬೆಂಗ್ಟ್ ಆಂಡರ್ಸನ್ 1950ರ ದಶಕದ ಆರಂಭದಲ್ಲಿ ಆಡುಗಳ ಮಿದುಳಿನ ಹೈಪೊಥಲಮಸ್ ಭಾಗಕ್ಕೆ ಸಾಂದ್ರವಾದ ಉಪ್ಪುನೀರನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದಾಗ, ದಾಹವಿಲ್ಲದಿದ್ದ ಆಡುಗಳು ಒಡನೆಯೇ ನೀರಿನ ಕಡೆಗೆ ನುಗ್ಗಿ ಲೀಟರುಗಟ್ಟಲೆ ಕುಡಿದವು. ಆ ಪ್ರದೇಶದ ಸಾಂದ್ರತಾಗ್ರಾಹಕ ಕೋಶಗಳು ಎಷ್ಟು ಸೂಕ್ಷ್ಮವೆಂದರೆ, ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೂ ಮನುಷ್ಯ ನೀರಿಗಾಗಿ ಕೈಚಾಚುತ್ತಾನೆ. ಎರಡನೆಯ ಮಾರ್ಗವೊಂದುಂಟು: ರಕ್ತದ ಒಟ್ಟು ಪರಿಮಾಣ ಕುಗ್ಗಿದಾಗ ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕ ಹೆಚ್ಚಿ ಅದೂ ದಾಹವನ್ನು ಎಬ್ಬಿಸುತ್ತದೆ, ಕೇಂಬ್ರಿಜ್‌ನ ಜೇಮ್ಸ್ ಫಿಟ್ಸ್‌ಸೈಮನ್ಸ್ ಇದನ್ನು 1960ರ ದಶಕದಲ್ಲಿ ವಿಶದಪಡಿಸಿದನು. ಡಯಾಲಿಸಿಸ್ ಮುಗಿಸಿಕೊಂಡು ಮನೆಗೆ ಬಂದ ಸಂಜೆ, ಆಗತಾನೆ ಎರಡು ಮೂರು ಲೀಟರು ನೀರು ಕಳೆದುಕೊಂಡು ಬಂದವರು ‘ಇವತ್ತೇ ಜಾಸ್ತಿ ಬಾಯಾರಿಕೆ’ ಎನ್ನುವುದುಂಟು. ಮನೆಯವರಿಗೆ ಇದು ಹಟದಂತೆ ತೋರಬಹುದು. ಅದು ಹಟವಲ್ಲ, ಥಟ್ಟನೆ ಕುಗ್ಗಿದ ರಕ್ತಪರಿಮಾಣಕ್ಕೆ ದೇಹ ಕೊಡುವ ಉತ್ತರ. ಆಂಜಿಯೊಟೆನ್ಸಿನ್ನನ್ನು ತಡೆಯುವ ಔಷಧಗಳಿಂದ ಈ ದಾಹವನ್ನು ಶಮನಗೊಳಿಸುವ ಪ್ರಯತ್ನಗಳೂ ನಡೆದಿವೆ. ಫಲಿತಾಂಶ ಮಾತ್ರ ಏಕರೂಪವಾಗಿಲ್ಲ.

ಈ ವಿಷಯದ ತಿರುಳೆಲ್ಲವೂ ಉಪ್ಪಿನಲ್ಲಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ತಪ್ಪಿತಸ್ಥರ ವಿಷಯದಲ್ಲಿ ಹೇಳುವುದು ರೂಢಿಯಾದರೂ, ಅದರ ವಾಚ್ಯಾರ್ಥವೇ ಶರೀರಶಾಸ್ತ್ರದ ಅಚ್ಚ ಸತ್ಯ. ಜೀವಕೋಶಗಳ ಹೊರಗಿರುವ ದ್ರವದಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಸೋಡಿಯಂ ಇರುತ್ತದೆ. ಅಡುಗೆಯ ಉಪ್ಪಿನ ಲೆಕ್ಕಕ್ಕೆ ತಂದರೆ ಇದು ಸುಮಾರು 8 ಗ್ರಾಂ. ಅಂದರೆ, ಮೂತ್ರವಿಲ್ಲದ ವ್ಯಕ್ತಿ 8 ಗ್ರಾಂ ಉಪ್ಪು ತಿಂದರೆ, ರಕ್ತದ ಸಾಂದ್ರತೆ ಮೊದಲಿನಂತಾಗುವ ತನಕ, ಹೆಚ್ಚುಕಡಿಮೆ 1 ಲೀಟರು ನೀರು ಒಳಗೆ ಸೇರುವ ತನಕ, ಆತನ ಮಿದುಳು ಆತನನ್ನು ಸುಮ್ಮನಿರಗೊಡುವುದಿಲ್ಲ. ದಿನಕ್ಕೆ 12 ಗ್ರಾಂ ಉಪ್ಪು ತಿನ್ನುತ್ತಿರುವವರಿಗೆ ‘ಅರ್ಧ ಲೀಟರಿಗಿಂತ ಹೆಚ್ಚು ಕುಡಿಯಬೇಡಿ’ ಎಂದು ಆಜ್ಞಾಪಿಸುವುದು, ಹೊಳೆಗೆ ಒಡ್ಡು ಕಟ್ಟದೆ ಹರಿಯಬೇಡವೆಂದು ಹೇಳಿದಂತೆ. ಡಯಾಲಿಸಿಸ್‌ಗೆ ಮುಂಚೆ ಈ ರೋಗಿಗಳ ರಕ್ತವನ್ನು ಪರೀಕ್ಷಿಸಿದರೆ, ಅವರ ತೂಕ ಮೂರು ನಾಲ್ಕು ಕಿಲೋ ಏರಿದ್ದಾಗಲೂ, ಸೋಡಿಯಂ ಮಟ್ಟ ಪ್ರಾಯಶಃ ಸಹಜವಾಗಿಯೇ ಇರುತ್ತದೆ. ಉಪ್ಪಿಲ್ಲದೆ ಬರಿಯ ನೀರನ್ನೇ ಕುಡಿದಿದ್ದರೆ ಅದು ಇಳಿದಿರಬೇಕಾಗಿತ್ತು. ಇಳಿಯದಿರುವುದೇ, ನೀರು ಉಪ್ಪಿನ ಬೆನ್ನುಹತ್ತಿ ಬಂದಿತೆಂಬುದಕ್ಕೆ ಸಾಕ್ಷಿ. ಉಪ್ಪನ್ನು ಕಡಿಮೆ ಮಾಡಿಸದೆ ನೀರನ್ನು ಮಾತ್ರ ಕಡಿಮೆ ಮಾಡೆಂದು ಉಪದೇಶಿಸುವುದಕ್ಕೆ ಆಧಾರವಿಲ್ಲ, ಅದು ಕಾಲಹರಣವೆಂದು ಬ್ರಿಟನ್ನಿನ ಮೂತ್ರಪಿಂಡತಜ್ಞ ಚಾರ್ಲ್ಸ್ ಟಾಮ್ಸನ್ 2001ರಲ್ಲಿ ಬರೆದುದು ಕಠೋರವಾಗಿ ಕಂಡರೂ ನ್ಯಾಯವಾದ ಮಾತು. ಫ್ರಾನ್ಸಿನ ಲಿಯಾನ್ ನಗರದ ಸಮೀಪದ ತಾಸಾಂ ಎಂಬಲ್ಲಿ ಗೀ ಲೊರಾಂ, ಬೆರ್ನಾರ್ ಶರಾ ಮೊದಲಾದವರು ಸಲಕ್ಕೆ 8 ಗಂಟೆಯ ನಿಧಾನ ಡಯಾಲಿಸಿಸನ್ನೂ ಉಪ್ಪು ಕಡಿಮೆಯಿರುವ ಆಹಾರವನ್ನೂ ಒಟ್ಟಿಗೆ ಪಾಲಿಸಿ, ರಕ್ತದೊತ್ತಡದ ಮಾತ್ರೆಗಳ ಅವಶ್ಯಕತೆಯನ್ನೇ ಬಹುತೇಕ ರೋಗಿಗಳಲ್ಲಿ ಇಲ್ಲದಂತೆ ಮಾಡಿದರು. ಅವರ ರೋಗಿಗಳ ದೀರ್ಘಾಯುಷ್ಯ ಲೋಕದ ಗಮನವನ್ನು ಸೆಳೆಯಿತು. ಸಾಮಾನ್ಯ ಜನರಿಗೇ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಅದು ಒಂದು ಸಣ್ಣ ಚಮಚದ ಮಟ್ಟಸ ಅಳತೆಗಿಂತಲೂ ಕಡಿಮೆ.

ದಾಹಕ್ಕೆ ಬೇರೆ ಕಾರಣಗಳೂ ಇಲ್ಲದಿಲ್ಲ. ಮಧುಮೇಹಿಗಳಲ್ಲಿ ಸಕ್ಕರೆಯ ಮಟ್ಟ ಏರಿದಾಗ ಆ ಸಕ್ಕರೆಯೇ ಉಪ್ಪಿನಂತೆ ರಕ್ತವನ್ನು ಸಾಂದ್ರಗೊಳಿಸಿ ನೀರನ್ನು ಬೇಡುತ್ತದೆ. ಮೂತ್ರಪಿಂಡ ವೈಫಲ್ಯಕ್ಕೆ ಮಧುಮೇಹವೇ ಪ್ರಮುಖ ಕಾರಣವಾಗಿರುವ ಈ ಕಾಲದಲ್ಲಿ ಇದನ್ನು ಗಮನಿಸದಿರಲಾಗದು. ಯಂತ್ರದಲ್ಲಿ ಹರಿಯುವ ಡಯಾಲಿಸಿಸ್ ದ್ರಾವಣದ ಸೋಡಿಯಂ ರೋಗಿಯ ರಕ್ತದಲ್ಲಿನದಕ್ಕಿಂತ ಹೆಚ್ಚಾಗಿದ್ದರೆ, ಚಿಕಿತ್ಸೆಯೇ ಉಪ್ಪನ್ನು ಬಡಿಸಿ ಕಳುಹಿಸಿದಂತಾಗುತ್ತದೆ. ನಡುವೆ ರಕ್ತದೊತ್ತಡ ಕುಸಿದಾಗ ಏರಿಸುವ ಸಲೈನಿನಲ್ಲಿಯೂ ಲೀಟರಿಗೆ 9 ಗ್ರಾಂ ಉಪ್ಪಿದೆ. 200 ಮಿಲಿಲೀಟರು ಏರಿಸಿದರೆ 1.8 ಗ್ರಾಂ ಒಳಗೆ ಹೋಯಿತು. ಇಷ್ಟೆಲ್ಲವನ್ನೂ ತೂಗಿನೋಡದೆ ರೋಗಿಯ ನಾಲಗೆಯ ಚಾಪಲ್ಯವನ್ನೇ ದೂರುವುದು ಅನ್ಯಾಯ. ಇನ್ನು ಬಾಯಿಯ ಶುಷ್ಕತೆ: ಡಯಾಲಿಸಿಸ್‌ನಲ್ಲಿರುವ ಅನೇಕರಲ್ಲಿ ಲಾಲಾರಸದ ಸ್ರಾವ ತಗ್ಗಿರುತ್ತದೆ, ತುರಿಕೆಗಾಗಿ ಕೊಡುವ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಔಷಧಗಳು, ರಕ್ತದೊತ್ತಡಕ್ಕೆ ಕೊಡುವ ಕ್ಲೊನಿಡಿನ್ ಇದನ್ನು ಉಲ್ಬಣಗೊಳಿಸುತ್ತವೆ. ಇಂಥ ಬಾಯಾರಿಕೆಗೆ ಬೇಕಾದದ್ದು ಬಾಯಿಯ ತೇವ. ಹೊಟ್ಟೆತುಂಬ ನೀರು ಕುಡಿದರೂ ಅದು ನೀಗುವುದಿಲ್ಲ.

ಯಾವುದೇ ಡಯಾಲಿಸಿಸ್ ಕೊಠಡಿಯ ಬಾಗಿಲ ಬಳಿ ಒಂದು ತೂಕದ ಯಂತ್ರವಿರುತ್ತದೆ. ಬಂದವರು ಚಪ್ಪಲಿ ಕಳಚಿ, ಹೊದ್ದ ಶಾಲನ್ನು ಮಡಚಿ ಬೆಂಚಿನ ಮೇಲಿಟ್ಟು, ಅದರ ಮೇಲೆ ನಿಂತು, ಅಂಕಿ ನಿಲ್ಲುವ ತನಕ ಉಸಿರು ಬಿಗಿಹಿಡಿಯುತ್ತಾರೆ. ಸಿಸ್ಟರ್ ಆ ಅಂಕಿಯನ್ನು ಬರೆದುಕೊಂಡು, ಹಿಂದಿನ ಸಲ ಹೋಗುವಾಗಿನ ತೂಕವನ್ನು ಅದರಿಂದ ಕಳೆದು, ಮುಖ ನೋಡುತ್ತಾರೆ. ಮಿಗಿಲಾದ ನೀರೆಲ್ಲವೂ ಹೋಗಿ, ಬಾವು ಇಳಿದು, ರಕ್ತದೊತ್ತಡ ಸಮವಾಗಿ, ತಲೆಸುತ್ತೂ ಬಾರದೆ ಇರುವ ತೂಕವೇ ಡ್ರೈ ವೇಟ್; ಅದನ್ನು ಶುಷ್ಕಭಾರ ಎನ್ನಬಹುದು. ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳೊತ್ತಿದಾಗ ಕುಳಿ ಬಿದ್ದು ಉಳಿಯುವುದು, ಮಲಗಿದರೆ ಉಸಿರು ಸಿಕ್ಕಿಹಾಕಿಕೊಂಡು ಎದ್ದು ಕೂರಬೇಕಾಗುವುದು, ಇವು ಆ ತೂಕ ಮೀರಿದುದರ ಕುರುಹುಗಳು. ಮಾಂಸ ಕರಗಿದರೆ ಅಥವಾ ಊಟ ಸೇರಿ ಮೈ ತುಂಬಿಕೊಂಡರೆ ಈ ಶುಷ್ಕಭಾರವೂ ಬದಲಾಗುವುದರಿಂದ, ಅದನ್ನು ಆಗಾಗ ಹೊಸದಾಗಿ ನಿರ್ಧರಿಸಬೇಕು.

ಎರಡು ಡಯಾಲಿಸಿಸ್‌ಗಳ ನಡುವೆ ಶುಷ್ಕಭಾರದ ನೂರಕ್ಕೆ 4 ಪಾಲಿನ ಆಸುಪಾಸಿಗಿಂತ ಹೆಚ್ಚು ತೂಕ ಏರಬಾರದೆಂಬುದು ಸಾಮಾನ್ಯ ಸೂತ್ರ. 60 ಕಿಲೋ ತೂಗುವವರಿಗೆ ಇದು 2.4 ಕಿಲೋ. ಹೆಚ್ಚು ಕುಡಿದರೇನಂತೆ, ಯಂತ್ರ ತೆಗೆಯುತ್ತದೆಯಲ್ಲ ಎಂಬ ಭ್ರಾಂತಿ ಕೆಲವರಲ್ಲಿದೆ. 60 ಕಿಲೋ ತೂಕದ ದೇಹದಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಇರುವುದೇ 3 ಲೀಟರಿಗಿಂತ ಕಡಿಮೆ. ಯಂತ್ರವಾದರೋ ನೀರನ್ನು ಎತ್ತುವುದು ಅದೊಂದರಿಂದಲೇ. ಅಂಗಾಂಶಗಳಲ್ಲಿ ನಿಂತ ನೀರು ನಿಧಾನವಾಗಿ ಒಸರಿ ರಕ್ತನಾಳಗಳಿಗೆ ಬಂದರೆ ಮಾತ್ರ ಮುಂದಿನ ಸೆಳೆತಕ್ಕೆ ಅವಕಾಶ. ತೋಡಿದ ಬಾವಿಯಲ್ಲಿ ಒರತೆಗಿಂತ ವೇಗವಾಗಿ ನೀರು ಸೇದಿದರೆ ತಳ ಕಾಣುವಂತೆ, ಇಲ್ಲಿಯೂ ಒರತೆಯನ್ನು ಮೀರಿ ಸೆಳೆದಾಗ ಆಕಳಿಕೆ, ಬೆವರು, ಕಣ್ಣು ಕತ್ತಲೆ, ಮೀನಖಂಡದ ಅಸಾಧ್ಯ ಸೆಳೆತ ಒಂದರ ಹಿಂದೊಂದಾಗಿ ಬರುತ್ತವೆ. ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಅದು ಮಂಕಾಗುತ್ತದೆ, ಪದೇಪದೇ ಹಾಗಾದರೆ ಶಾಶ್ವತವಾಗಿ ಕ್ಷೀಣಿಸುತ್ತದೆ. ಗಂಟೆಯೊಂದಕ್ಕೆ ಪ್ರತಿ ಕಿಲೋ ತೂಕಕ್ಕೆ 13 ಮಿಲಿಲೀಟರಿಗಿಂತ ವೇಗವಾಗಿ ನೀರು ತೆಗೆಯುವುದು ಹೆಚ್ಚು ಮರಣಕ್ಕೆ ಸಂಬಂಧಪಟ್ಟಿದೆಯೆಂದು ಅಧ್ಯಯನಗಳು ತೋರಿಸಿವೆ. ಈ ಲೆಕ್ಕದಂತೆ 60 ಕಿಲೋದವರಿಂದ 4 ಗಂಟೆಗಳಲ್ಲಿ ತೆಗೆಯಬಹುದಾದದ್ದು 3 ಲೀಟರಿಗೆ ಸ್ವಲ್ಪ ಮೇಲೆ. ಅದಕ್ಕೂ ಮಿಕ್ಕಿದ್ದರೆ ಹೊತ್ತನ್ನು ಹೆಚ್ಚಿಸಬೇಕು, ಅಥವಾ ಇನ್ನೊಂದು ದಿನ ಬರಬೇಕು. ವಾರಕ್ಕೆ 3 ಸಲದ ಕ್ರಮದಲ್ಲಿ ಎರಡು ದಿನ ಬಿಡುವು ಬರುವ ಕಡೆ, ಆ ದೀರ್ಘ ಅಂತರದ ಮರುದಿನವೇ ಹೃದಯಾಘಾತ ಮತ್ತು ಮರಣಗಳು ಹೆಚ್ಚೆಂಬುದು ಅಮೆರಿಕದ ದೊಡ್ಡ ಅಧ್ಯಯನವೊಂದರಿಂದ 2011ರಲ್ಲಿ ಸ್ಪಷ್ಟವಾಯಿತು.

ಕುಡಿಯುವುದಷ್ಟೇ ದ್ರವವಲ್ಲ. ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವುದೆಲ್ಲವೂ ಲೆಕ್ಕಕ್ಕೆ ಸೇರಬೇಕು: ಸಾರು, ಹುಳಿ, ಗಂಜಿ, ಅಂಬಲಿ, ಪಾಯಸ, ಐಸ್‌ಕ್ರೀಮು, ಮೊಸರು. ಅನ್ನದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಕಲ್ಲಂಗಡಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು. ಕನ್ನಡನಾಡಿನ ಅಡುಗೆಮನೆಯಲ್ಲಿ ಉಪ್ಪಿನ ನಿಜವಾದ ಭಂಡಾರ ಬೇಳೆಯ ಸಾರಿಗಿಂತಲೂ ಹೆಚ್ಚಾಗಿ ಉಪ್ಪಿನಕಾಯಿಯ ಜಾಡಿ, ಹಪ್ಪಳ ಸಂಡಿಗೆಗಳ ಡಬ್ಬಿ, ಬಾಳಕದ ಮೆಣಸಿನಕಾಯಿ, ಕರಾವಳಿಯಲ್ಲಾದರೆ ಒಣಮೀನು. ಬೇಕರಿಯ ಬ್ರೆಡ್ಡು, ಅಂಗಡಿಯ ಮಿಕ್ಸ್ಚರು ಈಚಿನ ಸೇರ್ಪಡೆಗಳು. ಬೇಸಿಗೆಯ ಉಪಚಾರವೆಂದು ಎಳನೀರು ಕೊಡುವುದು ನಮ್ಮಲ್ಲಿ ಪ್ರೀತಿಯ ಪದ್ಧತಿ. ಡಯಾಲಿಸಿಸ್‌ನಲ್ಲಿರುವವರಿಗೆ ಅದರ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲುದು; ‘ಲೋ ಸೋಡಿಯಂ’ ಎಂದು ಮಾರುವ ಬದಲಿ ಉಪ್ಪುಗಳಲ್ಲಿ ಸೋಡಿಯಂನ ಬದಲು ಪೊಟ್ಯಾಸಿಯಂ ಬೆರೆತಿರುವುದರಿಂದ ಅವೂ ಅಷ್ಟೇ ಅಪಾಯಕಾರಿ. ಧಾರೆಹುಳಿಯ ರಸವಂತೂ ಇವರ ಮಿದುಳಿಗೆ ವಿಷ. ಬಿಕ್ಕಳಿಕೆಯಿಂದ ಆರಂಭವಾಗಿ ಮೂರ್ಛೆಯವರೆಗೆ ಹೋಗಬಹುದು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ನಾಡಿದು. ರಾಮನವಮಿಯ ದಿನ ಬೀದಿಬೀದಿಯಲ್ಲಿ ಪಾನಕ, ನೀರುಮಜ್ಜಿಗೆ ಹಂಚುವ ನಾಡಿದು. ಬೇಡವೆಂದರೆ ಕೊಡುವವರ ಮನಸ್ಸು ನೊಂದೀತೆಂದು ಲೋಟ ತೆಗೆದುಕೊಂಡವರ ಸಂಕಟವನ್ನು ಆರೋಗ್ಯವಂತರು ಊಹಿಸಿಕೊಳ್ಳಬೇಕು. ದೇವಸ್ಥಾನದ ತೀರ್ಥದಿಂದ ತೊಂದರೆಯಿಲ್ಲ. ಒಂದು ಉದ್ಧರಣೆಯಲ್ಲಿ ಬರುವುದು ಕೆಲವೇ ಮಿಲಿಲೀಟರು. ರಾಯಚೂರು, ಕಲಬುರಗಿಗಳ ವೈಶಾಖದಲ್ಲಿ ಬೆವರು ಧಾರಾಳವಾಗಿ ಹೋಗುವುದರಿಂದ ಮಿತಿಯನ್ನು ಕೊಂಚ ಸಡಿಲಿಸಬಹುದಾದರೂ, ಎಷ್ಟೆಂಬುದನ್ನು ಹೇಳತಕ್ಕದ್ದು ತೂಕದ ಯಂತ್ರ, ಅಂದಾಜಲ್ಲ.

ದಾಹವನ್ನು ಸಹನೀಯಗೊಳಿಸುವ ಉಪಾಯಗಳು ಸಣ್ಣವು, ಆದರೆ ಅನುಭವಸಿದ್ಧವಾದವು. ಬೆಳಗ್ಗೆ ಒಂದು ಬಾಟಲಿಯಲ್ಲಿ ದಿನದ ಪಾಲನ್ನು ತುಂಬಿಟ್ಟು, ಕಾಫಿ ಕುಡಿದಾಗಲೆಲ್ಲ ಅಷ್ಟೇ ನೀರನ್ನು ಅದರಿಂದ ಚೆಲ್ಲುತ್ತ ಬಂದರೆ ಉಳಿದದ್ದೆಷ್ಟೆಂಬುದು ಕಣ್ಣಿಗೆ ಕಾಣುತ್ತದೆ. ದೊಡ್ಡ ಲೋಟಕ್ಕಿಂತ ಪುಟ್ಟ ಬಟ್ಟಲು ಲೇಸು. ಮಂಜುಗಡ್ಡೆಯ ತುಂಡೊಂದು ಬಾಯಲ್ಲಿ ಹಲವು ನಿಮಿಷ ಕರಗುತ್ತಿರುವುದರಿಂದ, ಅಷ್ಟೇ ನೀರನ್ನು ಒಂದೇ ಗುಟುಕಿಗೆ ಕುಡಿದುದಕ್ಕಿಂತ ಹೆಚ್ಚಿನ ತೃಪ್ತಿ ಕೊಡುತ್ತದೆ. ನಿಂಬೆಯ ತೆಳು ಹೋಳು, ಏಲಕ್ಕಿ, ಲವಂಗ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಲಾಲಾರಸವನ್ನು ಎಬ್ಬಿಸುತ್ತವೆ. ಚೂಯಿಂಗ್ ಗಮ್ಮಿನಿಂದ ಬಾಯಿಯ ಶುಷ್ಕತೆ ತಗ್ಗುವುದನ್ನು ಪರೀಕ್ಷೆಗಳೂ ತೋರಿಸಿವೆ. ತಣ್ಣೀರಿನಿಂದ ಬಾಯಿ ಮುಕ್ಕಳಿಸಿ ಉಗುಳುವುದು, ದಿನದ ಹಲವಾರು ಗುಳಿಗೆಗಳಲ್ಲಿ ಊಟದೊಡನೆ ತೆಗೆದುಕೊಳ್ಳಬಹುದಾದುವನ್ನು ಅನ್ನದ ತುತ್ತಿನೊಡನೆಯೇ ನುಂಗುವುದು, ಇವೂ ನೆರವಾಗುತ್ತವೆ. ಉಪ್ಪಿಗೆ ಪ್ರತಿಯಾಗಿ ನಿಂಬೆರಸ, ಜೀರಿಗೆ, ಮೆಣಸು, ಕರಿಬೇವು, ಬೆಳ್ಳುಳ್ಳಿಯ ಒಗ್ಗರಣೆಗಳಿಗೆ ನಾಲಗೆಯನ್ನು ಒಗ್ಗಿಸಬಹುದು. ಕೆಲವು ವಾರ ತಾಳಿಕೊಂಡರೆ ಹಳೆಯ ರುಚಿಯೇ ಉಪ್ಪುಪ್ಪಾಗಿ ತೋರುವ ಮಟ್ಟಕ್ಕೆ ನಾಲಗೆ ಬದಲಾಗುತ್ತದೆ.

ಅತಿಯಾದ ನಿಗ್ರಹವೂ ಹಿತವಲ್ಲ. ಹೆದರಿಕೆಯಿಂದ ಊಟವನ್ನೇ ಬಿಟ್ಟು ತೂಕ ಕಾಯ್ದುಕೊಂಡವರು ಪೌಷ್ಟಿಕತೆಯಲ್ಲಿ ಸೊರಗುತ್ತಾರೆ. ಶುಷ್ಕಭಾರಕ್ಕಿಂತಲೂ ಕೆಳಗೆ ನೀರು ತೆಗೆದಾಗ ರಕ್ತದೊತ್ತಡ ಬಿದ್ದು ಫಿಸ್ಟುಲಾ ಮುಚ್ಚಿಹೋಗುವುದುಂಟು. ದಿನಕ್ಕೆ ಒಂದು ಲೋಟದಷ್ಟು ಮೂತ್ರ ಉಳಿದಿರುವುದೂ ಅಮೂಲ್ಯ: ಅಷ್ಟು ಹೆಚ್ಚು ಕುಡಿಯಬಹುದು, ಅಷ್ಟು ಉಪ್ಪೂ ಹೊರಹೋಗುತ್ತದೆ. ಆದಕಾರಣ ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗಿ ಮೂತ್ರಪಿಂಡದ ಆ ಉಳಿದ ಶಕ್ತಿಯನ್ನು ಹಾಳುಮಾಡಿಕೊಳ್ಳಬಾರದು.

ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಒದಗಿಸುವ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಘೋಷಿತವಾಯಿತು. ಕರ್ನಾಟಕದಲ್ಲಿ ಈ ಸೌಕರ್ಯ ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿದೆ. ಯಂತ್ರಗಳು ಬಂದುವು, ಪಥ್ಯವನ್ನು ಕುಳಿತು ವಿವರಿಸುವ ಆಹಾರತಜ್ಞರು ಎಲ್ಲ ಕಡೆಯೂ ಬರಬೇಕಾಗಿದೆ. ‘ನೀರು ಕಡಿಮೆ ಕುಡೀರಿ’ ಎಂಬ ಒಂದು ವಾಕ್ಯದಿಂದ ಆ ಕರ್ತವ್ಯ ಮುಗಿಯಿತೆಂದು ತಿಳಿಯುವುದು ತಪ್ಪು.

ಮನೆಯವರಲ್ಲಿ ಒಂದು ಬಿನ್ನಹವುಂಟು. ರೋಗಿಗೊಬ್ಬರಿಗೇ ಸಪ್ಪೆಯ ಪಾತ್ರೆಯನ್ನು ಬೇರೆ ಇಡಬೇಡಿ. ಬೇರೆ ಪಾತ್ರೆಯ ಊಟ ಬಹುಕಾಲ ನಡೆಯುವುದಿಲ್ಲ, ಪಕ್ಕದ ತಟ್ಟೆಯ ಪರಿಮಳ ಅದನ್ನು ಸೋಲಿಸುತ್ತದೆ. ಎಲೆಯ ತುದಿಯಲ್ಲಿ ಮೊದಲು ಉಪ್ಪು ಬಡಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆಯಷ್ಟೆ. ಸಾರನ್ನೂ ಪಲ್ಯವನ್ನೂ ಎಲ್ಲರಿಗೂ ಕಡಿಮೆ ಉಪ್ಪಿನಲ್ಲಿಯೇ ಇಳಿಸಿ. ಬೇಕಾದವರು ಎಲೆಯ ತುದಿಯಿಂದ ಬೆರಸಿಕೊಳ್ಳಲಿ.